ಪರದೆ ಸುಳ್ಳು ಹೇಳುವ ದಿನ

ಮಾರ್ಸ್‌ಬಿ
ಸೆಪ್ಟೆಂಬರ್ 11

ಪ್ರಿಯ ಮಿಸೆಸ್ ಕಾಪ್ಲಿ ಅವರಿಗೆ,

ಇವತ್ತು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನಿಮ್ಮನ್ನು ನೋಡಿದೆ. ಅದು ನೀವೇ ಎಂದು ಆಗ ಗೊತ್ತಿರಲಿಲ್ಲ. ರೋಪರಿ ಬೀದಿಯಲ್ಲಿ ಹಸಿರು ಮಳೆಕೋಟು ತೊಟ್ಟ ಹೆಂಗಸೊಬ್ಬರು ಒಂದು ಮನೆಯ ಮುಂದೆ ನಿಂತು ಮಹಡಿಯ ಕಿಟಕಿಯನ್ನೇ ದಿಟ್ಟಿಸುತ್ತಿದ್ದರು. ಮುಚ್ಚಿದ್ದ ಪರದೆ ಒಂದು ಗೇಣು ಸರಿಯಿತು. ಒಳಗಿನಿಂದ ಒಂದು ಕೈ ಕಾಣಿಸಿತು, ಮುಖ ಕಾಣಿಸಲಿಲ್ಲ. ಹೆಂಗಸು ತಲೆಯಾಡಿಸಿ ಮುಂದಿನ ಮನೆಯತ್ತ ಹೊರಟರು. ಇಳಿದು ಏನೆಂದು ಕೇಳಬೇಕು ಅನ್ನಿಸಿತು. ಇಳಿಯಲಿಲ್ಲ. ಆಫೀಸಿನಲ್ಲಿ ಹೇಳಿದಾಗ ಕ್ಲೈವ್ ನಕ್ಕು, "ಹಸಿರು ಕೋಟಾ? ಮ್ಯಾವಿಸ್ ಕಾಪ್ಲಿನೇ. ನೀನು ಮೊದಲು ನೋಡಬೇಕಾದೋಳು ಅವಳೇ," ಎಂದರು.

ನಾನು ಫ್ರೇಯಾ ಬ್ರಾಮ್‌ಲಿ. ಊರಿನ ಸೇವಾಸಂಸ್ಥೆಗಳ ಒಕ್ಕೂಟದಲ್ಲಿ ಕಳೆದ ತಿಂಗಳು ಕೆಲಸಕ್ಕೆ ಸೇರಿದೆ. ಕ್ಲೈವ್ ನನ್ನ ಮೇಲಿನವರು. ಓದಿದ್ದು ಸಾಹಿತ್ಯ, ಹಾಗಾಗಿ ಈ ಕೆಲಸಕ್ಕೆ ನಾನು ತಂದಿರುವುದು ಬರೆಯುವ ಅಭ್ಯಾಸವೊಂದನ್ನೇ. ಬರುವ ಏಪ್ರಿಲ್‌ನಿಂದ ಕೌನ್ಸಿಲ್ ನಿಮ್ಮಂಥ ಸಣ್ಣ ಸಂಘಗಳಿಗೆ ಕೊಡುತ್ತಿದ್ದ ಅನುದಾನವನ್ನು ನಿಲ್ಲಿಸುತ್ತಿದೆ. ಇನ್ನು ಮುಂದೆ ವೃದ್ಧರ ಸೇವೆಯನ್ನೆಲ್ಲ ಟೆಂಡರ್ ಕರೆದು ಗುತ್ತಿಗೆಗೆ ಕೊಡುತ್ತಾರಂತೆ. ಯಾರು ಬೇಕಾದರೂ ಅರ್ಜಿ ಹಾಕಬಹುದು, ನೀವೂ ಹಾಕಬಹುದು. ಅದಕ್ಕೆ ನಿಮ್ಮನ್ನು ಸಿದ್ಧಪಡಿಸುವುದು ನನ್ನ ಕೆಲಸ.

ಫೋನು ಮಾಡಿದ್ದೆ. "ಅವಳಿಗೆ ಕಿವಿ ಕೇಳಿಸಲ್ಲ, ಕಂಪ್ಯೂಟರ್ ಮುಟ್ಟಲ್ಲ. ಕಾಗದ ಬರಿ," ಎಂದರು ಕ್ಲೈವ್. ನಿಜ ಹೇಳಬೇಕೆಂದರೆ ನನಗೂ ಮಾತಿಗಿಂತ ಬರೆಯುವುದೇ ಸಲೀಸು.

ನಿಮ್ಮ ಮಂಗಳವಾರದ ಊಟದ ಕೂಟದ ಬಗ್ಗೆ ಸ್ವಲ್ಪ ತಿಳಿಸುವಿರಾ?

ವಿನಯದಿಂದ,
ಫ್ರೇಯಾ ಬ್ರಾಮ್‌ಲಿ

*

ರೋಪರಿ ಬೀದಿ
ಸೆಪ್ಟೆಂಬರ್ 14

ಫ್ರೇಯಾ ಮಗಳೇ,

ಮಿಸ್ ಗಿಸ್ ಅಂತ ಬರೆಯೋಕೆ ನನಗೆ ಬರಲ್ಲ. ಬಸ್ಸಿಂದ ಇಳೀಬೇಕಿತ್ತು ನೀನು. ಒಂದು ಕಪ್ ಟೀ ಆದ್ರೂ ಸಿಕ್ಕಿರೋದು.

ಆ ಕೈ ಸಿರಿಲ್ ಡಗ್‌ಡೇಲ್‌ದು. ಮೀನಿನ ದೋಣೀಲಿ ಜನ್ಮ ಸವೆಸಿದ ಗಂಡಸು, ಬಿರುಗಾಳಿಗೆ ಹೆದರದೋನು, ಈಗ ಹಾಸಿಗೆಯಿಂದೆದ್ದು ಪರದೆ ಸರಿಸಬೇಕು ಅಂದ್ರೆ ನಾನು ಹೋಗಿ ಕೆಳಗಿಂದ ಗುರಾಯಿಸಬೇಕು.

ನಾವೇನು ಮಾಡ್ತೀವಿ ಅಂತ ಕೇಳಿದ್ದೀಯ. ಊಟ ಹಾಕ್ತೀವಿ. ಚರ್ಚಿನ ಹಿಂದಿನ ಹಾಲಲ್ಲಿ, ಮಂಗಳವಾರ ಮಧ್ಯಾಹ್ನ. ಅಡುಗೆ ನನ್ನದು, ಬಡಿಸೋದು ಡೋರಾ ಪೆಕ್. ಅವಳು ಗ್ರೇವಿ ಸುರಿಯೋದರಲ್ಲಿ ಜಿಪುಣಿ, ಚಾಡಿ ಸುರಿಯೋದರಲ್ಲಿ ಧಾರಾಳಿ. ಬರೋರೆಲ್ಲ ಒಂಟಿ ಜನ. ಅಷ್ಟೇ ನಮ್ಮ ಕೂಟ.

ನೀನು ನೋಡಿದ್ದು ಊಟ ಅಲ್ಲ, ಸುತ್ತು. ಅದು ದಿನಾ ಬೆಳಿಗ್ಗೆ, ನಮ್ಮಲ್ಲಿ ಕಾಲು ನೆಟ್ಟಗಿರೋರು ಸರದಿ ಮೇಲೆ ಹೋಗ್ತೀವಿ. ಬೆಳಕು ಹರಿದ ಮೇಲೂ ಪರದೆ ಮುಚ್ಚಿದ್ರೆ ಒಳಗಿರೋರಿಗೆ ಏನೋ ಆಗಿದೆ ಅಂತ ಅರ್ಥ. ತಟ್ತೀವಿ. ತೆಗೀಲಿಲ್ಲ ಅಂದ್ರೆ ಬೀಗದ ಕೈ ಇದೆ. ಎಲ್ಲರ ಮನೆದೂ ನನ್ನ ಅಡುಗೆಮನೆಯ ಬಿಸ್ಕತ್ತಿನ ಡಬ್ಬದಲ್ಲಿದೆ. ಯಾವುದು ಯಾರದು ಅಂತ ಬರೆದಿಟ್ಟಿಲ್ಲ, ಕಳ್ಳನಿಗೆ ನಾವ್ಯಾಕೆ ಸಹಾಯ ಮಾಡಬೇಕು?

ಒಂದು ದಿನ ಮಾತ್ರ ಪರದೆ ನಂಬಲ್ಲ. ಬೀದೀಲಿ ಶವದ ಗಾಡಿ ಹೊರಡೋ ದಿನ. ಅವತ್ತು ಮರ್ಯಾದೆಗೆ ಅಂತ ಎಲ್ಲರೂ ಪರದೆ ಮುಚ್ಚಿರ್ತಾರೆ. ಸತ್ತೋರಿಗೋಸ್ಕರ ಮುಚ್ಚಿದ್ದು ಯಾವುದು, ಒಳಗೆ ಬಿದ್ದಿರೋರದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಅವತ್ತು ಪರದೆ ಸುಳ್ಳು ಹೇಳುತ್ತೆ ಅನ್ನೋಳು ನಮ್ಮಮ್ಮ. ಅದಕ್ಕೆ ಅವತ್ತು ನೋಡೋದು, ತಟ್ಟೋದು ಏನೂ ಇಲ್ಲ. ನೇರ ಬೀಗ ತೆಗೆದು ಒಳಗೆ ಹೋಗಿ "ಬದುಕಿದ್ದೀಯಾ?" ಅಂತ ಕೂಗೋದು. ಒಂದ್ಸಲ ಹಾಗೆ ಹೋದಾಗ ಸಿರಿಲ್ ಸ್ನಾನದ ತೊಟ್ಟೀಲಿದ್ದ. ಆ ಕಥೆಗೆ ಡೋರಾ ಪ್ರತಿ ವರ್ಷ ಒಂದೊಂದು ಹೊಸ ವಿವರ ಸೇರಿಸ್ತಾಳೆ.

ಬದಲಾಗಬೇಕು ಅಂತ ಕೌನ್ಸಿಲ್ ಹೇಳುತ್ತೆ. ಆಲೂಗಡ್ಡೆ ಬೇಯೋಕೆ ಮೊದಲು ಎಷ್ಟು ಹೊತ್ತು ಬೇಕಿತ್ತೋ ಈಗಲೂ ಅಷ್ಟೇ ಬೇಕು. ಮಂಗಳವಾರ ಬಾ, ಹೊಟ್ಟೆ ಖಾಲಿ ಇಟ್ಕೊಂಡು ಬಾ.

ಮ್ಯಾವಿಸ್ ಕಾಪ್ಲಿ

*

ಮಾರ್ಸ್‌ಬಿ
ಅಕ್ಟೋಬರ್ 3

ಪ್ರಿಯ ಮಿಸೆಸ್ ಕಾಪ್ಲಿ,

ಊಟ ಬಹಳ ಚೆನ್ನಾಗಿತ್ತು. ಅಷ್ಟು ಜನರ ನಡುವೆ ನಾನು ಮೂಗಿಯಂತೆ ಕೂತಿದ್ದೆ, ತಪ್ಪು ತಿಳಿಯಬೇಡಿ. ಮನೆಗೆ ಬಂದು ಅರ್ಜಿಗೆ ಬೇಕಾದ್ದನ್ನು ಬರೆದಿಟ್ಟುಕೊಳ್ಳಲು ಕೂತವಳು, ಬರೆದದ್ದು ನಿಮ್ಮವರ ಮಾತನ್ನೇ.

"ಯಾರಿವಳು, ಕೌನ್ಸಿಲ್‌ನೋಳಾ?" ಎಂದರು ಮಿಸೆಸ್ ಪೆಕ್, ನನ್ನ ತಲೆಯ ಮೇಲಿನಿಂದ.

"ಅಲ್ವಂತೆ ಡೋರಾ. ಕೌನ್ಸಿಲ್ ಕೈಯಿಂದ ನಮ್ಮನ್ನ ಕಾಪಾಡೋಕೆ ಬಂದೋಳು," ಎಂದರು ಮಿಸ್ಟರ್ ಡಗ್‌ಡೇಲ್.

"ಸಂಬಳ ಯಾರು ಕೊಡ್ತಾರೆ?"

"ಕೌನ್ಸಿಲ್."

"ಓಹೋ. ಹಾಗಾದ್ರೆ ಅವಳಿಗೆ ಕಸ್ಟರ್ಡ್ ಸ್ವಲ್ಪ ನೀರಾಗಿರೋದು ಹಾಕು."

ನನಗೆ ನಗು ಬಂತು, ಆದರೆ ನಗಬಹುದೋ ಇಲ್ಲವೋ ತಿಳಿಯಲಿಲ್ಲ. ಇನ್ನೊಂದು ವಿಷಯ ಗಮನಿಸಿದೆ. ಎಲ್ಲರೂ ನಿಮ್ಮ ಕಿವಿಗೆ ಕೂಗುತ್ತಾರೆ. ಮಿಸ್ಟರ್ ಡಗ್‌ಡೇಲ್ ಒಬ್ಬರೇ ಕೂಗುವುದಿಲ್ಲ. ಟೋಪಿ ತೆಗೆದು, ಬೆಳಕಿಗೆ ಮುಖ ಮಾಡಿ ನಿಂತು, ನೀವು ತುಟಿ ಓದುವವರೆಗೆ ನಿಧಾನವಾಗಿ ಹೇಳುತ್ತಾರೆ.

ಈಗ ಕಷ್ಟದ ಮಾತು. ಸ್ವಯಂಸೇವಕರ ಬಳಿ ವೃದ್ಧರ ಮನೆಗಳ ಬೀಗದ ಕೈ ಇದೆಯೇ ಎಂದು ಅರ್ಜಿಯಲ್ಲೊಂದು ಪ್ರಶ್ನೆಯಿದೆ. ಇದ್ದರೆ ಪ್ರತಿಯೊಬ್ಬರಿಗೂ ಪೊಲೀಸ್ ತಪಾಸಣೆ, ತರಬೇತಿ, ವಿಮೆ ಎಲ್ಲ ಬೇಕು. ವಿಮೆಯವರನ್ನು ವಿಚಾರಿಸಿದೆ. ಅವರು ಕೇಳುವಷ್ಟು ಹಣದಲ್ಲಿ ನೀವು ವರ್ಷವಿಡೀ ಊಟ ಹಾಕಬಹುದು. ಇಲ್ಲವೆಂದು ಉತ್ತರಿಸಬೇಕಾದರೆ ಬೀಗದ ಕೈಗಳನ್ನೆಲ್ಲ ಹಿಂದಿರುಗಿಸಬೇಕು.

ಕ್ಲೈವ್ ಅಂದರು: "ಹಿಂದಿರುಗಿಸಲಿ. ಗುತ್ತಿಗೆ ಸಿಗಲಿ ಮೊದಲು, ಆಮೇಲೆ ದಾರಿ ಹುಡುಕೋಣ. ನಾವು ಈಜು ಕಲಿಸೋರು ಕಣಮ್ಮಾ. ನೀರು ಯಾಕಿಷ್ಟು ತಣ್ಣಗಿದೆ ಅಂತ ನಮ್ಮನ್ನ ಕೇಳಬಾರದು."

ಸದ್ಯಕ್ಕೆ ಮಾತ್ರ, ಮಿಸೆಸ್ ಕಾಪ್ಲಿ. ಯೋಚಿಸಿ ನೋಡಿ.

ನಿಮ್ಮ,
ಫ್ರೇಯಾ

*

ರೋಪರಿ ಬೀದಿ
ಅಕ್ಟೋಬರ್ 6

ಮಿಸ್ ಬ್ರಾಮ್‌ಲಿ,

ಆ ಬೀಗದ ಕೈಗಳನ್ನ ಜನ ಕೊಟ್ಟಿದ್ದು ನನಗೆ. ಒಬ್ಬೊಬ್ಬರೂ ತಾವಾಗಿ ಬಂದು, ನನ್ನ ಅಂಗೈಲಿಟ್ಟು, ಬೆರಳು ಮಡಿಸಿ ಹೋದರು. ಅದು ಸದ್ಯಕ್ಕೆ ಕೊಡೋದು, ಸದ್ಯಕ್ಕೆ ತಗೊಳ್ಳೋದು ಅಲ್ಲ.

ಬರೋ ಮಂಗಳವಾರ ನೀನು ಬರೋದು ಬೇಡ. ರೂಬಾರ್ಬ್ ದಂಟು ಹಾಕಿ ಸಿಹಿ ಪೈ ಮಾಡ್ತಿದ್ದೀನಿ. ಆದರೂ ಬರೋದು ಬೇಡ.

ಮಿಸೆಸ್ ಎಂ. ಕಾಪ್ಲಿ

*

ಮಾರ್ಸ್‌ಬಿ
ಅಕ್ಟೋಬರ್ 24

ಪ್ರಿಯ ಮಿಸೆಸ್ ಕಾಪ್ಲಿ,

ನಿನ್ನೆ ಟೌನ್ ಹಾಲಿನಲ್ಲಿ ಸಂಘಗಳ ಸಭೆಯಿತ್ತು. ನೀವು ಬರಲಿಲ್ಲ, ನಾನು ಬಾಗಿಲನ್ನೇ ನೋಡುತ್ತಿದ್ದೆ. ಅಧಿಕಾರಿಯೊಬ್ಬರು ಗೋಡೆಯ ಮೇಲೆ ಬಾಣಗಳ ಚಿತ್ರ ತೋರಿಸಿದರು. ಎಲ್ಲ ಬಾಣಗಳೂ ಮೇಲಕ್ಕಿದ್ದವು. ಹುಡುಗರಿಗೆ ಬಾಕ್ಸಿಂಗ್ ಕಲಿಸುವ ಮುದುಕರೊಬ್ಬರು ಎದ್ದು, "ಸ್ವಾಮಿ, ಏಪ್ರಿಲ್‌ನಲ್ಲಿ ಬಾಗಿಲು ತೆರೆದಿರುತ್ತೋ ಇಲ್ವೋ, ಅಷ್ಟು ಹೇಳಿ ಸಾಕು," ಎಂದರು. ಅಧಿಕಾರಿ, "ಅದು ನಿಮ್ಮ ಸಿದ್ಧತೆಯ ಮೇಲೆ ನಿಂತಿದೆ," ಎಂದರು. ಬಾಕ್ಸಿಂಗ್‌ನವರು ಹ್ಯಾಟು ಹಾಕಿಕೊಂಡು ಹೋದರು. ಮಕ್ಕಳಿಗೆ ಆಟದ ಸಾಮಾನು ಎರವಲು ಕೊಡುವ ಆಟಿಕೆ ಗ್ರಂಥಾಲಯದವರು ಅರ್ಜಿಯನ್ನೇ ಹಾಕುವುದಿಲ್ಲವಂತೆ. ಆಟಿಕೆಗಳನ್ನು ಆಗಲೇ ಹಂಚುತ್ತಿದ್ದಾರೆ. ನನ್ನ ಮೇಜಿನ ಮೇಲೊಂದು ಮರದ ಬಾತುಕೋಳಿ ಬಂದು ಕೂತಿದೆ.

ನಾನು ನಿಮಗೆ ಒಳ್ಳೆಯದನ್ನೇ ಹೇಳುತ್ತಿದ್ದೇನೆಂದು ನನಗೇ ಖಾತ್ರಿಯಿಲ್ಲ. ಅರ್ಜಿ ಹಾಕದಿದ್ದರೆ ಏಪ್ರಿಲ್‌ನಲ್ಲಿ ಊಟ ನಿಲ್ಲುತ್ತದೆ. ಅಷ್ಟು ಮಾತ್ರ ಖಾತ್ರಿ. ಹಾಕಿದರೆ ನಿಲ್ಲದೆಯೂ ಇರಬಹುದು. ನನ್ನ ಬಳಿಯಿರುವುದು ಈ "ಬಹುದು" ಒಂದೇ.

ಪೈ ತಪ್ಪಿಹೋದದ್ದಕ್ಕೆ ಬೇಜಾರಿದೆ.

ಫ್ರೇಯಾ

*

ರೋಪರಿ ಬೀದಿ
ನವೆಂಬರ್ 19

ಫ್ರೇಯಾ,

ಕೊಟ್ಟುಬಿಟ್ಟೆ. ನಿನ್ನ ಕಾಗದ ಓದಿದ ಮೇಲೆ ಡಬ್ಬ ಮೇಜಿನ ಮೇಲಿಟ್ಕೊಂಡು ತುಂಬ ದಿನ ನೋಡ್ತಾ ಇದ್ದೆ. ಊಟನೇ ಇಲ್ಲದಿದ್ರೆ ಸುತ್ತು ಹೋಗೋರು ಎಲ್ಲಿ ಸೇರಬೇಕು ಅಂತ ಅನ್ನಿಸ್ತು. ಒಬ್ಬೊಬ್ಬರ ಮನೆಗೂ ಹೋಗಿ ಕೈಗೇ ಕೊಟ್ಟೆ. ಕೆಲವರು ಸುಮ್ಮನೆ ತಗೊಂಡರು. ಡೋರಾ ಅತ್ತಳು, ಆಮೇಲೆ ಅಳಲಿಲ್ಲ ಅಂತ ಸಾಧಿಸಿದಳು.

ಸಿರಿಲ್ ಮಾತ್ರ ತಗೊಳ್ಳಲ್ಲ ಅಂದ. "ಏನೇ ಮ್ಯಾವಿಸ್, ಇದೇನು ಸೋಡಚೀಟಿನಾ?" ಅಂದ.

"ಮದುವೆ ಆಗಿದ್ರೆ ತಾನೇ ಸೋಡಚೀಟಿ," ಅಂದೆ.

"ಅದೂ ನಿಜ. ಕೇಳೋಕೆ ಮರೆತೇಹೋಯ್ತು," ಅಂದ.

ಕೊನೆಗೆ ಅವನ ಕೋಟಿನ ಜೇಬಿಗೆ ನಾನೇ ತುರುಕಿದೆ. ಅದನ್ನ ಎಲ್ಲಿಡ್ತೀನಿ ಅಂತ ಹೇಳೋಕೆ ಟೋಪಿ ತೆಗೆದು ಬೆಳಕಿಗೆ ಬಂದ. ನೀನು ಕಳಿಸಿದ ಕಾಗದಕ್ಕೆ ಸಹಿ ಹಾಕಿದ್ದೀನಲ್ಲ, ಯಾರ ಬೀಗದ ಕೈಯೂ ನನ್ನ ಹತ್ರ ಇಲ್ಲ, ಎಲ್ಲಿದೆ ಅಂತಲೂ ಗೊತ್ತಿಲ್ಲ ಅಂತ? ಸಹಿ ಹಾಕಿದ ಮೇಲೆ ನಾನು ಸುಳ್ಳು ಹೇಳೋಳಲ್ಲ. ಮುಖ ತಿರುಗಿಸಿಬಿಟ್ಟೆ. ತುಟಿ ನೋಡದಿದ್ರೆ ನನಗೆ ಏನೂ ಗೊತ್ತಾಗಲ್ಲ. ಅವನು ಹೇಳಿದ್ದು ಗಾಳಿಗೆ ಹೋಯ್ತು.

ಸುತ್ತು ನಿಲ್ಲಿಸಿಲ್ಲ. ಬೀದೀಲಿ ನಡೆಯೋಕೆ, ಕಿಟಕಿ ನೋಡೋಕೆ, ಬಾಗಿಲು ತಟ್ಟೋಕೆ ಕೌನ್ಸಿಲ್ ಅಪ್ಪಣೆ ಬೇಕಿಲ್ಲ.

ಈಗ ಬರಿ ನಿನ್ನ ಅರ್ಜಿ. ಚೆನ್ನಾಗಿ ಬರಿ. ಮಂಗಳವಾರ ಬಾ.

ಮ್ಯಾವಿಸ್

*

ಮಾರ್ಸ್‌ಬಿ
ಡಿಸೆಂಬರ್ 14

ಪ್ರಿಯ ಮಿಸೆಸ್ ಕಾಪ್ಲಿ,

ಅರ್ಜಿ ಕಳಿಸಿದ್ದಾಯಿತು. ಅದರ ಒಂದು ಪ್ರತಿಯನ್ನು ಇದರ ಜೊತೆಗಿಟ್ಟಿದ್ದೇನೆ. ಓದಿದವರು ಬೆನ್ನು ತಟ್ಟಿದರು. ಕ್ಲೈವ್, "ಇದನ್ನ ಓದಿ ನನಗೇ ಆ ಕೂಟಕ್ಕೆ ಸೇರೋಣ ಅನ್ನಿಸ್ತು," ಎಂದರು. ಮೊದಲ ಬಾರಿಗೆ ನನ್ನ ಓದು ಯಾರಿಗೋ ಉಪಯೋಗಕ್ಕೆ ಬಂತೇನೋ ಎಂದುಕೊಂಡು ಮನೆಗೆ ನಡೆದುಕೊಂಡೇ ಹೋದೆ.

ಫ್ರೇಯಾ

*

ರೋಪರಿ ಬೀದಿ
ಡಿಸೆಂಬರ್ 18

ಮಗಳೇ,

ಓದಿದೆ. ಮಾತು ಚೆನ್ನಾಗಿ ಜೋಡಿಸಿದ್ದೀಯ. "ಒಂಟಿತನದ ಹೊರೆಯನ್ನು ಅಳೆಯಬಹುದಾದಂತೆ ಇಳಿಸುವ ಸಮುದಾಯ ವೇದಿಕೆ." ಸಿರಿಲ್‌ಗೆ ತೋರಿಸಿದೆ. "ಯಾವ ಊರಲ್ಲಿದೆ ಇದು? ನಾವೂ ಹೋಗೋಣ, ಊಟ ಹಾಕ್ತಾರಾ ಕೇಳು," ಅಂದ.

ಬೇಜಾರು ಮಾಡ್ಕೋಬೇಡ. ಕ್ರಿಸ್‌ಮಸ್ ಊಟಕ್ಕೆ ನಿನ್ನ ಕುರ್ಚಿ ಹಾಕಿರ್ತೀವಿ. ಡೋರಾಗೆ ಕೆಮ್ಮು, ನೀನೇ ಬಡಿಸಬೇಕಾಗಬಹುದು. ಗ್ರೇವಿ ಧಾರಾಳವಾಗಿ ಹಾಕು, ಅವಳು ನೋಡದೆ ಇರುವಾಗ.

ಮ್ಯಾವಿಸ್

*

ರೋಪರಿ ಬೀದಿ
ಫೆಬ್ರವರಿ 2

ಫ್ರೇಯಾ,

ಡೋರಾ ಹೋದದ್ದು ನಿನಗೆ ಗೊತ್ತು, ನೀನು ಕಳಿಸಿದ ಹೂವು ಬಂತು. ಕೆಮ್ಮು ಎದೆಗಿಳೀತು. ಮಂಗಳವಾರ ಅವಳನ್ನ ಮಣ್ಣು ಮಾಡಿದ್ವಿ. ಊಟದ ದಿನವೇ ಆದ್ದರಿಂದ ಚರ್ಚಿನ ಹಾಲಲ್ಲೇ ಹಂದಿಮಾಂಸದ ಹ್ಯಾಮು, ಟೀ ಇಟ್ಕೊಂಡ್ವಿ. ಮುಂದಿನದನ್ನ ಬೇರೆಯವರ ಬಾಯಿಂದ ನೀನು ಕೇಳೋದು ಬೇಡ ಅಂತ ಬರೀತಿದ್ದೀನಿ.

ಅವತ್ತು ಬೆಳಿಗ್ಗೆ ಸುತ್ತು ನನ್ನದು. ಗಾಡಿ ಹೊರಡೋ ದಿನ. ಬೀದಿಯುದ್ದಕ್ಕೂ ಪರದೆ ಮುಚ್ಚಿತ್ತು. ಪ್ರತಿ ಬಾಗಿಲೂ ತಟ್ಟಿದೆ. ಎಲ್ಲರೂ ತೆಗೆದರು, ಸಿರಿಲ್ ತೆಗೀಲಿಲ್ಲ. "ನಾನು ಹೋಗೋದು ಒಂದೇ ಸಾವಿಗೆ, ನನ್ನದಕ್ಕೆ" ಅಂತ ಅವನು ಯಾವಾಗಲೂ ಅನ್ನೋನು. ಡೋರಾ ಸತ್ತ ದಿನದಿಂದ ಯಾರ ಹತ್ರನೂ ಮಾತಾಡಿರಲಿಲ್ಲ. ಮುಸುಕು ಹಾಕ್ಕೊಂಡು ಮಲಗಿರ್ತಾನೆ, ಹಾಳಾಗಲಿ, ಅಳೋನು ಒಬ್ಬನೇ ಅಳಲಿ ಅಂದ್ಕೊಂಡೆ. ಬೀಗದ ಕೈ ಇದ್ದಿದ್ರೆ ಏನೂ ಅಂದ್ಕೊಳ್ತಾ ಇರಲಿಲ್ಲ, ಒಳಗೆ ಹೋಗಿರ್ತಿದ್ದೆ. ಇರಲಿಲ್ಲ, ಅದಕ್ಕೆ ಅಂದ್ಕೊಂಡೆ. ಹ್ಯಾಮು ಕೊಯ್ಯೋದಿತ್ತು. ಬಂದ್ಬಿಟ್ಟೆ.

ಮಾರನೇ ದಿನ ಎಲ್ಲರ ಪರದೆ ತೆರೀತು. ಅವನದು ತೆರೀಲಿಲ್ಲ. ಪೊಲೀಸರು ಬಾಗಿಲು ಒಡೆದರು. ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಒಳ್ಳೇ ಕೋಟು ಹಾಕ್ಕೊಂಡಿದ್ದ, ಕಪ್ಪು ಟೈ ಕಟ್ಟಿದ್ದ. ಡೋರಾ ಸಾವಿಗೆ ಹೊರಟಿದ್ದ ಅವನು.

ಬೀಗದ ಕೈ ಅವನ ಬಾಗಿಲ ಪಕ್ಕದ ಹಳೇ ಸಮುದ್ರದ ಬೂಟಿನೊಳಗೆ ಸಿಕ್ತಂತೆ, ಅವನು ಹೂವಿನ ಗಿಡ ನೆಟ್ಟಿದ್ದನಲ್ಲ, ಅದರಲ್ಲಿ. ನಾನು ಬಾಗಿಲು ತಟ್ಟುವಾಗ ನನ್ನ ಕಾಲು ಆ ಬೂಟಿಗೆ ತಾಗಿತ್ತು.

ಡಾಕ್ಟರು ಏನು ಹೇಳಿದರು ಅಂತ ನಾನು ನಿನಗೆ ಬರೆಯಲ್ಲ. ನೀನೂ ಯಾರನ್ನೂ ಕೇಳಬೇಡ.

ಮ್ಯಾವಿಸ್

*

ಮಾರ್ಸ್‌ಬಿ
ಫೆಬ್ರವರಿ 5

ಮಿಸೆಸ್ ಕಾಪ್ಲಿ,

ಬರೆಯಲು ಕೂತು ಹರಿದು ಹಾಕಿದೆ, ಮತ್ತೆ ಬರೆದು ಮತ್ತೆ ಹರಿದೆ. ವಾಪಸ್ ಕೊಡಿ ಎಂದು ಹೇಳಿದವಳು ನಾನು. ಇದಕ್ಕಿಂತ ಹೆಚ್ಚಿನದೇನನ್ನು ಬರೆದರೂ ಅದು ಅರ್ಜಿಯ ಭಾಷೆಯಾಗುತ್ತದೆ.

ಈ ಮಂಗಳವಾರ ಚರ್ಚಿನ ಹಾಲಿನ ಬಾಗಿಲವರೆಗೆ ಬಂದಿದ್ದೆ. ಒಳಗೆ ಪಾತ್ರೆಯ ಸದ್ದು ಕೇಳಿಸಿತು. ಅಲ್ಲಿಂದಲೇ ಹಿಂದಿರುಗಿದೆ.

ಫ್ರೇಯಾ

*

ಮಾರ್ಸ್‌ಬಿ
ಮಾರ್ಚ್ 9

ಪ್ರಿಯ ಮಿಸೆಸ್ ಕಾಪ್ಲಿ,

ನಿಮ್ಮಿಂದ ಉತ್ತರ ಬರಲಿಲ್ಲ, ಬರಬೇಕೆಂದೂ ಇಲ್ಲ. ಆದರೆ ಇದನ್ನು ತಿಳಿಸಲೇಬೇಕು.

ಗುತ್ತಿಗೆ ನಮಗೆ ಸಿಗಲಿಲ್ಲ. ಮೂರು ಊರುಗಳ ವೃದ್ಧರ ಸೇವೆಯನ್ನು ಒಟ್ಟುಗೂಡಿಸಿ ದೂರದ ನಗರದ ದೊಡ್ಡ ಸಂಸ್ಥೆಯೊಂದಕ್ಕೆ ಕೊಟ್ಟಿದ್ದಾರೆ. ಅವರು ಒಂಟಿಯಾಗಿರುವವರಿಗೆ ವಾರಕ್ಕೊಮ್ಮೆ ಫೋನು ಮಾಡಿ ಯೋಗಕ್ಷೇಮ ವಿಚಾರಿಸುತ್ತಾರಂತೆ. ಊಟ ಅದರಲ್ಲಿಲ್ಲ. ನಿಮ್ಮ ಕೂಟವನ್ನು "ಸ್ಥಳೀಯ ಸಹಭಾಗಿ" ಎಂದು ಹೆಸರಿಸಲು ಅನುಮತಿ ಕೇಳಿದ್ದಾರೆ. ಅದಕ್ಕೆ ಹಣವೇನೂ ಬರುವುದಿಲ್ಲ. ನಿಮ್ಮ ಪರವಾಗಿ ನಾನೇ ಬೇಡವೆಂದು ಹೇಳಿಬಿಟ್ಟೆ. ಕೇಳದೆ ಹೇಳಿದ್ದಕ್ಕೆ ಕ್ಷಮಿಸಿ.

ಪ್ರತಿ ಉತ್ತರಕ್ಕೂ ಅಂಕ ಕೊಟ್ಟು ಕಳಿಸಿದ್ದಾರೆ. ಹೆಚ್ಚಿನವು ಸಾಧಾರಣ. ಒಂದು ಉತ್ತರಕ್ಕೆ ಮಾತ್ರ ಪೂರ್ತಿ ಅಂಕ ಬಂದಿದೆ, ಮಾದರಿ ಉತ್ತರ ಎಂದು ಪಕ್ಕದಲ್ಲಿ ಬರೆದಿದ್ದಾರೆ.

ನಮ್ಮ ಒಕ್ಕೂಟದ ಅನುದಾನವೂ ಮಾರ್ಚ್ ಕೊನೆಗೆ ಮುಗಿಯುತ್ತದೆ. ಕ್ಲೈವ್ ಕುರ್ಚಿಗಳನ್ನು ಯಾರಿಗೆ ಕೊಡುವುದೆಂದು ನೋಡುತ್ತಿದ್ದಾರೆ. "ಈಜು ಕಲಿಸೋರೇ ಮುಳುಗಿದ್ವಿ," ಎಂದು ಯಾರಾದರೂ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ. ಯಾರೂ ಹೇಳಲಿಲ್ಲ.

ಫ್ರೇಯಾ

*

ರೋಪರಿ ಬೀದಿ
ಏಪ್ರಿಲ್ 10

ಮಗಳೇ,

ಪೂರ್ತಿ ಅಂಕ ಯಾವ ಉತ್ತರಕ್ಕೆ ಅಂತ ನನಗೆ ಗೊತ್ತು. ಹೇಳೋದು ಬೇಡ.

ನಿನ್ನ ಮೇಲೆ ಕೋಪ ಇತ್ತು. ಈಗಿಲ್ಲ ಅಂತ ಬರೆದ್ರೆ ಸುಳ್ಳಾಗುತ್ತೆ. ಆದರೆ ಸಹಿ ಹಾಕಿದ ಕೈ ನನ್ನದು, ತಿರುಗಿಸಿದ ಮುಖ ನನ್ನದು. ನಿನ್ನ ಮೇಲೆ ಎಷ್ಟು ಹೊರಿಸಿದ್ರೂ ಅದು ನನ್ನ ಹತ್ರನೇ ವಾಪಸ್ ಬರುತ್ತೆ.

ಕೊನೇ ಊಟ ಆಯ್ತು. ಕೊಚ್ಚಿದ ಮಾಂಸ, ಹಿಟ್ಟಿನುಂಡೆ. ಬಂದೋರು ಕಡಿಮೆ. ಗ್ರೇವಿ ಧಾರಾಳವಾಗಿ ಸಿಕ್ತು ಎಲ್ಲರಿಗೂ, ಯಾರಿಗೂ ರುಚಿಸಲಿಲ್ಲ. ದೊಡ್ಡ ಪಾತ್ರೆಗಳನ್ನ ಪಾದ್ರಿಗಳಿಗೆ ಒಪ್ಪಿಸಿದೆ. ಚರ್ಚಿನ ಹಾಲನ್ನ ಇನ್ನೇನೋ ಕುಣಿತದ ಕ್ಲಾಸಿಗೆ ಕೊಡ್ತಾರಂತೆ. ಸುತ್ತೂ ನಿಂತ ಹಾಗೇನೇ. ಮಂಗಳವಾರ ಸೇರದೆ ಇದ್ರೆ ನಾಳೆ ಯಾರ ಸರದಿ ಅಂತ ಯಾರಿಗೂ ಗೊತ್ತಾಗಲ್ಲ. ನನ್ನ ಮಂಡಿಯೂ ಬಗ್ಗಲ್ಲ ಅನ್ನುತ್ತೆ.

ಆ ಫೋನಿನೋರು ನನ್ನ ಹೆಸರೂ ಸೇರಿಸಿಕೊಂಡಿದ್ದಾರೆ! ಗುರುವಾರ ಫೋನಿನ ದೀಪ ಮಿಣಮಿಣ ಅನ್ನುತ್ತೆ. ಎತ್ತಿ, "ನಾನು ಕಿವುಡಿ ಕಣಮ್ಮಾ, ಏನೂ ಕೇಳಿಸ್ತಾ ಇಲ್ಲ" ಅಂತೀನಿ. ಆ ಕಡೆಯವಳು ಏನಂತಾಳೋ. ಆಮೇಲೆ ಮನೆಗೊಂದು ಕಾಗದ ಬರುತ್ತೆ: ನಿಮ್ಮೊಂದಿಗೆ ಮಾತಾಡಿ ಸಂತೋಷವಾಯಿತು ಅಂತ. ಸಿರಿಲ್ ಇದ್ದಿದ್ರೆ ಇದನ್ನ ಒಂದು ತಿಂಗಳು ಹೇಳ್ಕೊಂಡು ನಗೋನು.

ಈ ಕಾಗದದ ಜೊತೆ ಬಟ್ಟೇಲಿ ಸುತ್ತಿ ಒಂದು ಸಾಮಾನು ಇಟ್ಟಿದ್ದೀನಿ. ನನ್ನ ಮುಂಬಾಗಿಲ ಬೀಗದ ಕೈ. ಎಲ್ಲರದೂ ನನ್ನ ಹತ್ರ ಇತ್ತು, ನನ್ನದು ಯಾರ ಹತ್ರನೂ ಇರಲಿಲ್ಲ. ಡೋರಾಗೆ ಕೊಡೋಣ ಅಂತಿದ್ದೆ, ಅವಳು ಕಳೆದುಹಾಕ್ತಾಳೆ ಅಂತ ಕೊಡಲಿಲ್ಲ. ಸಿರಿಲ್‌ಗೆ ಕೊಡೋಣ ಅಂತಿದ್ದೆ, ಅವನು ಬೇರೆ ಅರ್ಥ ಮಾಡ್ಕೊಳ್ತಾನೆ ಅಂತ ಕೊಡಲಿಲ್ಲ.

ನೀನು ಈ ಊರು ಬಿಡೋಳು, ಗೊತ್ತು. ಕೆಲಸ ಇಲ್ಲ, ಇಲ್ಲಿ ಯಾಕಿರ್ತೀಯ. ಬೇಡ ಅಂದ್ರೆ ಅಂಚೇಲೇ ವಾಪಸ್ ಹಾಕು, ಬೇಜಾರಿಲ್ಲ. ಆದರೆ ಬಾಯಲ್ಲಿ ಹೇಳಿದ್ರೆ ಮುಖ ತಿರುಗಿಸಬಹುದು, ಅದಕ್ಕೆ ಬರೆದು ಹೇಳ್ತಿದ್ದೀನಿ.

ಮ್ಯಾವಿಸ್

*

ಮಾರ್ಸ್‌ಬಿ
ಏಪ್ರಿಲ್ 17

ಪ್ರಿಯ ಮ್ಯಾವಿಸ್,

ಇವತ್ತು ಬೆಳಿಗ್ಗೆ ರೋಪರಿ ಬೀದಿಯಲ್ಲಿ ಬಸ್ಸಿಳಿದೆ. ಮಿಸ್ಟರ್ ಡಗ್‌ಡೇಲ್ ಮನೆಗೆ ಹೊಸ ಬಾಗಿಲು ಬಂದಿದೆ, ಇನ್ನೂ ಬಣ್ಣ ಹೊಡೆದಿಲ್ಲ. ಬೂಟು ಅಲ್ಲೇ ಇದೆ. ಗಿಡ ಚಿಗುರಿದೆ, ಯಾರೂ ನೀರು ಹಾಕದಿದ್ದರೂ. ಅದನ್ನು ನೋಡಿ ನನಗೆ ಸಮಾಧಾನವೇನೂ ಆಗಲಿಲ್ಲ.

ನಿಮ್ಮ ಪರದೆ ಅರ್ಧ ತೆರೆದಿತ್ತು. ಹಸಿರು ಕೋಟು ಕುರ್ಚಿಯ ಬೆನ್ನಿಗೆ ನೇತುಬಿದ್ದದ್ದು ಕಾಣಿಸಿತು. ನೀವು ಬಂದು ಇನ್ನರ್ಧ ಸರಿಸುವವರೆಗೆ ಎದುರಿನ ಗೋಡೆಗೊರಗಿ ನಿಂತಿದ್ದೆ. ನೀವು ನನ್ನನ್ನು ನೋಡಲಿಲ್ಲ. ಕೈ ಬೀಸಬೇಕೆಂದುಕೊಂಡು ಬೀಸಲಿಲ್ಲ, ನನ್ನ ಸ್ವಭಾವ ನಿಮಗೆ ಗೊತ್ತು.

ಕೌನ್ಸಿಲ್‌ನಿಂದ ನನಗೆ ಪತ್ರ ಬಂದಿತ್ತು. ಆ ಮಾದರಿ ಉತ್ತರವನ್ನು ಬರೆದವರು ಯಾರೆಂದು ವಿಚಾರಿಸಿ, ಮುಂದಿನ ಟೆಂಡರ್‌ಗೆ ಪ್ರಶ್ನೆಗಳನ್ನು ಬರೆದುಕೊಡುವ ಕೆಲಸ ಕೊಡುತ್ತೇವೆ ಎಂದಿದ್ದರು. "ಹೋಗು, ಒಳಗಿದ್ದು ಏನಾದ್ರೂ ಒಳ್ಳೇದು ಮಾಡಬಹುದು," ಎಂದರು ಕ್ಲೈವ್. ಮಾಡಬಹುದೇನೋ. ಅದೇ "ಬಹುದು" ಇಟ್ಟುಕೊಂಡು ನಿಮ್ಮ ಡಬ್ಬ ಖಾಲಿ ಮಾಡಿಸಿದವಳು ನಾನು. ಬರುವುದಿಲ್ಲವೆಂದು ಬರೆದು, ನಿಮ್ಮ ಬೀದಿಯ ತುದಿಯ ಅಂಚೆಪೆಟ್ಟಿಗೆಯಲ್ಲೇ ಹಾಕಿ ಬಂದೆ.

ಮೀನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿದೆ. ಮಧ್ಯಾಹ್ನದ ಪಾಳಿಯೇ ಬೇಕೆಂದು ಕೇಳಿದೆ.

ಇದರಿಂದ ಏನೂ ಸರಿಹೋಗುವುದಿಲ್ಲವೆಂದು ನನಗೆ ಗೊತ್ತು. ನನ್ನ ಬಳಿ ಇರುವುದು ಒಂದು ಮನೆಯ ಬೀಗದ ಕೈ. ಉಳಿದ ಮನೆಗಳವರಿಗೆ ನನ್ನ ಮುಖ ಅರ್ಜಿಯ ಮುಖ, ಅವರು ಕೊಡುವುದಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಊಟ ಮತ್ತೆ ಶುರುವಾಗುವುದಿಲ್ಲ. ಮುಂದಿನ ಚಳಿಗಾಲ ಈ ಬೀದಿಯಲ್ಲಿ ಇನ್ಯಾರದೋ ಪರದೆ ಮುಚ್ಚಿಯೇ ಇರುತ್ತದೆ, ನಾನು ಅದರ ಮುಂದೆಯೇ ಹಾದುಹೋಗುತ್ತೇನೆ, ಬಾಗಿಲು ತಟ್ಟಿ ನಿಲ್ಲುವುದಷ್ಟೇ ನನ್ನ ಕೈಲಾಗುವುದು.

ಬೀಗದ ಕೈಯನ್ನು ವಾಪಸ್ ಕಳಿಸುತ್ತಿಲ್ಲ. ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೇನೆ, ಬಟ್ಟೆಯ ಒಳಗೆ. ಮೊದಲು ತಣ್ಣಗಿತ್ತು.

ನಾಳೆಯಿಂದ ಬೆಳಿಗ್ಗೆ ನಡೆದೇ ಬರುತ್ತೇನೆ. ಪರದೆ ತೆರೆದಿದ್ದರೆ ಹಾಗೇ ಮುಂದೆ ಹೋಗುತ್ತೇನೆ, ನೀವು ಟೀಗೆ ಕರೆಯಬೇಕಾಗಿಲ್ಲ. ಮುಚ್ಚಿದ್ದರೆ ಬಾಗಿಲು ತಟ್ಟುತ್ತೇನೆ. ನಿಮಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ತಟ್ಟುತ್ತೇನೆ, ಆಮೇಲೆ ಬೀಗ ತೆಗೆಯುತ್ತೇನೆ. ಬೀದಿಯಲ್ಲಿ ಶವದ ಗಾಡಿ ಹೊರಡುವ ದಿನ ಮಾತ್ರ ಕಿಟಕಿ ನೋಡುವುದೂ ಇಲ್ಲ, ತಟ್ಟುವುದೂ ಇಲ್ಲ. ನೇರ ಒಳಗೇ ಬರುತ್ತೇನೆ.

ಫ್ರೇಯಾ